ಬಂಡೆ ಬುಡದಾಗಿನ ಆ ಚುಕ್ಕಿ ಯಾರು?

2021ರಲ್ಲಿ ಬಳ್ಳಾರಿಯನ್ನು ಸೀಳಿ ನಮಗೆ ಹೊಸ ಜಿಲ್ಲೆ ಕೊಟ್ಟರು. ಹೊಸಪೇಟೆಯ ಜೊತೆಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹೆಸರು ವಿಜಯನಗರ. ಹೆಸರಿನ ಮೇಲೆ ಜಗಳ ತೆಗೆಯುವುದು ನಮ್ಮ ಉದ್ದೇಶವಲ್ಲ. ಆದರೆ ದೂರದ ಊರಿನಲ್ಲಿ ಕೂತ ಯಾವನೇ ಓದಿದವನನ್ನು, ವಿಜಯನಗರ ಅಂದರೆ ನಿನ್ನ ಕಣ್ಣಿಗೆ ಏನು ಬರುತ್ತದಪ್ಪಾ ಅಂತ ಕೇಳಿ ನೋಡಿ. ಕಲ್ಲಿನ ರಥ ಬರುತ್ತದೆ. ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳು ಬರುತ್ತವೆ. ಮುರಿದ ಕಂಬಗಳ ಸಾಲು, ಹಿಂದೆ ತುಂಗಭದ್ರೆ, ಅದರಾಚೆ ಮುಳುಗುವ ಹೊತ್ತು. ಮನುಷ್ಯರು ಬರುವುದಿಲ್ಲ. ಶೇಂಗಾ ಬಿಡಿಸುವ ಹೆಂಗಸು ಬರುವುದಿಲ್ಲ, ಕುರಿ ಹಿಂದೆ ನಡೆಯುವವನು ಬರುವುದಿಲ್ಲ, ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಗುಳೆ ಹೊರಟ ಸಂಸಾರ ಬರುವುದಿಲ್ಲ. ಐದು ತಾಲೂಕುಗಳ ಲಕ್ಷಾಂತರ ಜನ ಒಂದು ಚಿತ್ರದ ಹೆಸರಿನಡಿ ಬದುಕುತ್ತಿದ್ದೇವೆ, ಆ ಚಿತ್ರದೊಳಗೆ ನಾವಿಲ್ಲ.

ಈ ಚಿತ್ರ ಆಕಾಶದಿಂದ ಉದುರಿದ್ದಲ್ಲ. ಒಬ್ಬ ಬರೆದ, ಇನ್ನೊಬ್ಬ ಅಚ್ಚು ಹಾಕಿದ, ಮತ್ತೊಬ್ಬ ಕೊಂಡು ಗೋಡೆಗೆ ನೇತುಹಾಕಿದ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನಿಂದ ಹೊರಟ ಬಿಳಿಯರು ಬಿಸಿಲ ದೇಶಗಳನ್ನೆಲ್ಲ ಸುತ್ತಿ ಬರೆದ ಭೂದೃಶ್ಯ ಚಿತ್ರಗಳ ವಂಶದ್ದು ಅದು. ನಮ್ಮ ಕಲಾವಿಮರ್ಶಕರು, ಅವರು ನಮ್ಮ ನೆಲದ ಚೆಲುವನ್ನು ನಮಗೇ ತೋರಿಸಿಕೊಟ್ಟರು ಎಂದು ಇವತ್ತಿಗೂ ಕೈಮುಗಿಯುತ್ತಾರೆ. ನಾವು ಕೈಮುಗಿಯಲು ತಯಾರಿಲ್ಲ. ಮೊದಲು ಲೆಕ್ಕ ಆಗಲಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆ ಮುತ್ತಿಗೆಯಲ್ಲಿ ಎಂಜಿನಿಯರಾಗಿದ್ದ ಕಾಲಿನ್ ಮೆಕೆಂಜಿ ಅದೇ ವರ್ಷ ಹಂಪಿಗೆ ಬಂದ. ಅಳತೆ ಮಾಡಿಸಿದ, ನಕ್ಷೆ ಬರೆಸಿದ, ಜಲವರ್ಣದಲ್ಲಿ ದೃಶ್ಯಗಳನ್ನು ಮಾಡಿಸಿದ. ಮರುವರ್ಷ, 1800ರಲ್ಲಿ, ನಿಜಾಮ ಈ ಸೀಮೆಯನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು 1807ರವರೆಗೆ ಇದ್ದ, ಹೊಲ ಹೊಲ ಅಳೆದು ಕಂದಾಯ ಕಟ್ಟಿದ. ಮೊದಲು ತೋಪು ಬಂತು, ತೋಪಿನ ಬೆನ್ನಿಗೆ ಅಳತೆಯ ಸರಪಳಿ ಬಂತು, ಸರಪಳಿಯ ಜೊತೆಜೊತೆಗೇ ಕುಂಚ ಬಂತು. ಮೂರೂ ಒಂದೇ ಡೇರೆಯಲ್ಲಿ ಮಲಗಿ ಎದ್ದವು. ಮೈಸೂರು ಸೀಮೆಯ ಕೋಟೆಬೆಟ್ಟಗಳನ್ನು ಇಂಗ್ಲೆಂಡಿನ ಬೈಠಕ್‌ಖಾನೆಗಳಿಗೆ ಮುಟ್ಟಿಸಿದ ರಾಬರ್ಟ್ ಹೋಮ್ ಕೂಡ ಕಾರ್ನ್‌ವಾಲಿಸನ ದಂಡಿನ ಹಿಂದೆ ಹೊರಟವನೇ. ಅವನ ಚಿತ್ರಗಳ ಪುಸ್ತಕ 1794ರಲ್ಲಿ ಹೊರಬಂತು. ಬೆಟ್ಟದ ಯಾವ ಮಗ್ಗುಲು ಚಂದ ಎಂದು ನೋಡುವ ಕಣ್ಣೂ, ಯಾವ ಮಗ್ಗುಲಿಂದ ಗುಂಡು ಹೊಡೆದರೆ ಕೋಟೆ ಬೀಳುತ್ತದೆ ಎಂದು ನೋಡುವ ಕಣ್ಣೂ ಒಂದೇ ಪಾಳೆಯದಲ್ಲಿದ್ದವು.

ಆ ಡೇರೆ ಹೊತ್ತವರು ಯಾರು? ಸರಪಳಿ ಎಳೆದವರು, ದೃಷ್ಟಿಗೆ ಅಡ್ಡ ಬಂದ ಪೊದೆ ಕಡಿದವರು, ಸಾಹೇಬನ ನೀರಿನ ಮಡಕೆ ತುಂಬಿದವರು ಯಾರು? ಮೆಕೆಂಜಿಯ ಕೈಕೆಳಗಿನ ಕಾವಲಿ ವೆಂಕಟ ಬೊರ್ರಯ್ಯ, ಲಕ್ಷ್ಮಯ್ಯ ಸಹೋದರರ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಅವರು ಓದು ಬಲ್ಲ ಬ್ರಾಹ್ಮಣರು, ದುಭಾಷಿಗಳು. 1816ರಲ್ಲಿ ಥಾಮಸ್ ಹಿಕಿ ಬರೆದ ಮೆಕೆಂಜಿಯ ಭಾವಚಿತ್ರದಲ್ಲಿ ಕೆಂಪು ಕೋಟಿನ ಸಾಹೇಬನ ಪಕ್ಕ ಪಂಡಿತರಿದ್ದಾರೆ, ದುರ್ಬೀನು ಹಿಡಿದ ಪ್ಯೂನನೂ ಇದ್ದಾನೆ. ಅಲ್ಲಿಗೆ ಮುಗಿಯಿತು. ಗಂಟು ಹೊತ್ತವರು ಚೌಕಟ್ಟಿನ ಹೊರಗೇ ನಿಂತರು.

ಅದೇ 1799ರಲ್ಲಿ ಭೂಮಿಯ ಆ ಕಡೆ ಮತ್ತೊಬ್ಬ ಯುರೋಪಿಯನ್ ಹಡಗಿನಿಂದ ಇಳಿದ. ಜರ್ಮನಿಯ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್. ಐದು ವರ್ಷ ದಕ್ಷಿಣ ಅಮೆರಿಕ, ಕ್ಯೂಬಾ, ಮೆಕ್ಸಿಕೋ ಸುತ್ತಿದ. ನಮ್ಮ ದೇಶಕ್ಕೂ ಬರಬೇಕೆಂದು ಆಮೇಲೆ ಬಹಳ ಬೇಡಿಕೊಂಡ. ಈಸ್ಟ್ ಇಂಡಿಯಾ ಕಂಪನಿ ಬಿಡಲಿಲ್ಲ. ಕುಮಾನಾ ಎಂಬ ಊರಿನಲ್ಲಿ ತಾನು ಇಳಿದುಕೊಂಡಿದ್ದ ಮನೆಯ ಎದುರಿಗೇ ಕರಿಯರನ್ನು ಸಂತೆಯ ದನದಂತೆ ಮಾರುವುದನ್ನು ಕಂಡು ಹೇಸಿದ, ಬದುಕಿರುವವರೆಗೂ ಗುಲಾಮಗಿರಿಯನ್ನು ಖಂಡಿಸಿದ. ಆ ಮಾನವೀಯತೆಗೆ ನಮ್ಮ ಗೌರವವಿದೆ. ಆದರೆ 1847ರಲ್ಲಿ ಬಂದ 'ಕಾಸ್ಮಾಸ್'ನ ಎರಡನೇ ಸಂಪುಟದಲ್ಲಿ ಅದೇ ಹುಂಬೋಲ್ಟ್ ಭೂದೃಶ್ಯ ಚಿತ್ರಕಾರರಿಗೆ ಕರೆ ಕೊಟ್ಟ: ಉಷ್ಣವಲಯಕ್ಕೆ ಹೋಗಿ, ಅಲ್ಲಿಯ ಗಿಡಮರಗಳ ಸಮೃದ್ಧಿಯನ್ನು ಕಣ್ಣಾರೆ ಕಂಡು ಬರೆಯಿರಿ, ಚಿತ್ರಕಲೆಗೆ ಹೊಸ ಜೀವ ಬರುತ್ತದೆ ಎಂದು. ಗುಲಾಮರ ಬಗ್ಗೆ ಒಂದು ಪುಸ್ತಕದಲ್ಲಿ ಮರುಗಿದರು, ಚಿತ್ರದ ಬಗ್ಗೆ ಇನ್ನೊಂದು ಪುಸ್ತಕದಲ್ಲಿ ಬರೆದರು. ಎರಡೂ ಪುಸ್ತಕ ಒಂದನ್ನೊಂದು ಮಾತಾಡಿಸಲಿಲ್ಲ.

ಆ ಕರೆಗೆ ಓಗೊಟ್ಟವರಲ್ಲಿ ದೊಡ್ಡ ಹೆಸರು ಅಮೆರಿಕದ ಫ್ರೆಡರಿಕ್ ಚರ್ಚ್. 1853ರಲ್ಲೂ 1857ರಲ್ಲೂ ದಕ್ಷಿಣ ಅಮೆರಿಕಕ್ಕೆ ಹೋಗಿ ಬಂದು 1859ರಲ್ಲಿ 'ಆಂಡೀಸಿನ ಹೃದಯ' ಎಂಬ ಚಿತ್ರ ಮುಗಿಸಿದ. ಎತ್ತರ ಐದೂವರೆ ಅಡಿ, ಅಗಲ ಹತ್ತು ಅಡಿಯ ಹತ್ತಿರ. ನ್ಯೂಯಾರ್ಕಿನಲ್ಲಿ ಕೋಣೆ ಕತ್ತಲು ಮಾಡಿ, ಪರದೆ ಕಟ್ಟಿ, ಚಿತ್ರದ ಮೇಲಷ್ಟೇ ಬೆಳಕು ಬೀಳಿಸಿ, ತಲೆಗೆ ಇಪ್ಪತ್ತೈದು ಸೆಂಟಿನಂತೆ ಟಿಕೆಟ್ಟು ಇಟ್ಟರು. ನಮ್ಮ ಟೂರಿಂಗ್ ಟಾಕೀಸೇ ಅನ್ನಿ! ಸಾವಿರಾರು ಜನ ಸಾಲು ನಿಂತು, ನಾಟಕ ನೋಡುವ ದುರ್ಬೀನು ಹಿಡಿದು ಒಂದೊಂದು ಎಲೆಯನ್ನೂ ನೋಡಿ ಹೋದರು. ಹತ್ತು ಸಾವಿರ ಡಾಲರಿಗೆ ಅದು ಮಾರಾಟವಾಯಿತು. ಆ ಚಿತ್ರದ ಎಡಭಾಗದಲ್ಲಿ ಒಂದು ಶಿಲುಬೆ, ಅದರ ಬುಡದಲ್ಲಿ ಎರಡು ಮನುಷ್ಯಾಕೃತಿ. ಹುಡುಕಿದರೆ ಸಿಗುತ್ತವೆ. ಹುಡುಕದೆಯೇ ಕಾಣುವುದು ಇನ್ನೊಂದಿದೆ: ಎಡಬದಿಯ ಮರದ ಬೊಡ್ಡೆಯ ಮೇಲೆ ಬಿಸಿಲು ಬಿದ್ದಿದೆ, ಅಲ್ಲಿ ಚರ್ಚ್ ತನ್ನ ಹೆಸರನ್ನು ಚಾಕುವಿನಲ್ಲಿ ಕೆತ್ತಿದ ಹಾಗೆ ಬರೆದಿದ್ದಾನೆ. ಯಾರ ಗುಡ್ಡ, ಯಾರ ಮರ, ಯಾರ ಹೆಸರು! ನಮ್ಮ ಸಾಹುಕಾರರು ಬದುವಿನ ಕಲ್ಲಿಗೆ ಬಣ್ಣ ಹಚ್ಚಿ ಹೆಸರು ಬರೆಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ನಮಗಂತೂ ಗೊತ್ತಾಗಲಿಲ್ಲ.

ಇಷ್ಟಾದರೂ ಆಂಡೀಸಿನ ಚಿತ್ರ ಎಷ್ಟೋ ಮರ್ಯಾದಸ್ಥ. ಜಮೈಕಾದ ಚಿತ್ರಗಳನ್ನು ನೋಡಬೇಕು. ಜೇಮ್ಸ್ ಹೇಕ್‌ವಿಲ್ ಎಂಬ ಇಂಗ್ಲಿಷಿನವನು ಆ ದ್ವೀಪವನ್ನು ಸುತ್ತಿ 1825ರಲ್ಲಿ ಚಿತ್ರಸಂಪುಟ ತಂದ. ಕಬ್ಬಿನ ತೋಟಗಳು, ಗಾಣದ ಮನೆಗಳು, ನಡುವೆ ಮಾಲೀಕನ ಬಂಗಲೆ, ನೀಲಿ ಬೆಟ್ಟ. ಗುಲಾಮರು ದೂರದಲ್ಲಿ ಚುಕ್ಕಿ ಚುಕ್ಕಿ. ಎಲ್ಲ ಶಾಂತ, ಎಲ್ಲ ತಂಪು. ಆರು ವರ್ಷ ಕಳೆದವು. 1831ರ ಕ್ರಿಸ್‌ಮಸ್ಸಿಗೆ ಅದೇ ದ್ವೀಪದ ಗುಲಾಮರು ಸಾವಿರ ಸಾವಿರ ಸಂಖ್ಯೆಯಲ್ಲಿ ದಂಗೆ ಎದ್ದು ತೋಟಗಳಿಗೆ ಬೆಂಕಿ ಇಟ್ಟರು. ಆ ಚುಕ್ಕಿಗಳಿಗೆ ಕೈ ಇದ್ದವು, ಕೈಯಲ್ಲಿ ಕೊಳ್ಳಿ ಹಿಡಿಯುವ ಶಕ್ತಿ ಇತ್ತು ಅನ್ನುವುದು ಚಿತ್ರ ಕೊಂಡವರಿಗೆ ಆಗ ತಿಳಿಯಿತು.

ಇದೆಲ್ಲ ಹೊರದೇಶದ ಮಾತಾಯಿತಲ್ಲ, ನಮಗೇಕೆ ಅನ್ನಬೇಡಿ. ಆ ಚಿತ್ರಗಳಿಗೂ ಹಂಪಿಯ ಚಿತ್ರಗಳಿಗೂ ವ್ಯಾಕರಣ ಒಂದೇ. 'ಪಿಕ್ಚರೆಸ್ಕ್' ಎಂದು ಅದಕ್ಕೆ ಹೆಸರು. ಅಂದರೆ ಚಿತ್ರ ಬರೆಯಲು ಯೋಗ್ಯವಾದದ್ದು. ಆ ಯೋಗ್ಯತೆಗೆ ನಿಯಮ ಕಟ್ಟಿದವರಲ್ಲಿ ಮುಖ್ಯನಾದವನು ಹದಿನೆಂಟನೇ ಶತಮಾನದ ಕೊನೆಯ ವಿಲಿಯಂ ಗಿಲ್ಪಿನ್, ಇಂಗ್ಲೆಂಡಿನ ಒಬ್ಬ ಪಾದ್ರಿ. ಮುಂದೆ ಕತ್ತಲು, ನಡುವೆ ಬೆಳಕು, ಹಿಂದೆ ಮಬ್ಬು. ಗೋಡೆ ಇಡಿಯಾಗಿದ್ದರೆ ಸಾಲದು, ಮುರಿದಿರಬೇಕು. ಇನ್ನು ಮನುಷ್ಯ? ನೀತಿಯ ಕಣ್ಣಿಗೆ ದುಡಿಯುವವನು ಚಂದ, ಚಿತ್ರದ ಕಣ್ಣಿಗೆ ಸುಮ್ಮನೆ ಕಾಲ ಕಳೆಯುವವನೇ ಚಂದ – ಇದು ಆ ಪಾದ್ರಿ ಬರೆದ ಮಾತಿನ ಸಾರ. ಗೆಳೆಯರೇ, ಇದನ್ನು ಎರಡು ಸಲ ಓದಿಕೊಳ್ಳಿ. ಚಿತ್ರಕ್ಕೆ ನಾವು ಕಲ್ಲಿಗೊರಗಿ ಕೂತಿರಬೇಕು, ಕೋಲಿಗೆ ಗದ್ದ ಊರಿ ನಿಂತಿರಬೇಕು. ಬೆವರಿದರೆ ಚಿತ್ರ ಕೆಡುತ್ತದೆ. ಹೀಗೆ ನಮ್ಮನ್ನು ಕೂರಿಸಿ ಬರೆದುಕೊಂಡು ಹೋದ ಅದೇ ಜನ, ಅದೇ ಕಾಲದ ವರದಿಗಳಲ್ಲಿ ಈ ದೇಶದವರು ಸೋಮಾರಿಗಳು ಎಂದು ಷರಾ ಬರೆದರು. ಬಂಡೆ ಬುಡದಾಗಿನ ಆ ಚುಕ್ಕಿಗೆ ಬಾಯಿ ಇದ್ದಿದ್ದರೆ ಕೇಳುತ್ತಿತ್ತು: "ಏನ್ ಸಾಹೇಬ್ರ, ಮುಂಜಾನಿಂದ ಹಿಂಗ ನಿಂದ್ರಿಸೀರಿ, ಕೂಲಿ ಕೊಡ್ತೀರೋ ಇಲ್ಲೋ?"

ಚಿತ್ರಶಾಲೆಯ ಮೇಷ್ಟ್ರುಗಳು ಇದಕ್ಕೊಂದು ಉತ್ತರ ಇಟ್ಟುಕೊಂಡಿದ್ದಾರೆ. ದೂರದಲ್ಲಿರುವುದು ಸಣ್ಣದಾಗಿ ಕಾಣುವುದು ಕಣ್ಣಿನ ಧರ್ಮ, ಅದರಲ್ಲಿ ಜಾತಿ ಎಲ್ಲಿಂದ ಬಂತು ಅನ್ನುತ್ತಾರೆ. ಬಂಡೆ ಎಷ್ಟು ದೊಡ್ಡದು ಎಂದು ತಿಳಿಯಲು ಪಕ್ಕದಲ್ಲೊಂದು ಮನುಷ್ಯಾಕೃತಿ ಬೇಕೇ ಬೇಕು ಅನ್ನುತ್ತಾರೆ. ಒಪ್ಪಿದೆವು. ಹಾಗಾದರೆ ನಾವು ಅಳತೆಗೋಲು. ಹೊಲದಲ್ಲಿ ಸರಪಳಿ ಹಿಡಿದು ಅಳೆಸಿದಿರಿ, ಚಿತ್ರದಲ್ಲಿ ನಮ್ಮನ್ನೇ ನಿಲ್ಲಿಸಿ ಅಳೆದಿರಿ. ಆದರೆ ಎಲ್ಲಿ ಕೂತು ಬರೆಯಬೇಕು ಎಂದು ಆರಿಸಿದ್ದು ಕಣ್ಣಲ್ಲ, ಕಣ್ಣಿನ ಒಡೆಯ. ಕೇರಿಯ ಬಾಯಿಗೆ ಮಡಿಸುವ ಕುರ್ಚಿ ಹಾಕಿ ಕೂತಿದ್ದರೆ ನಮ್ಮ ಮುಖ ದೊಡ್ಡದಾಗಿ, ಗೋಪುರ ಬೆರಳಷ್ಟಾಗಿ ಕಾಣುತ್ತಿತ್ತು. ಕಣ್ಣಿನ ಧರ್ಮವೇ ಅದನ್ನೂ ಮಾಡಿಕೊಡುತ್ತಿತ್ತು.

ಬಿಳಿಯರನ್ನಷ್ಟೇ ಬೈದು ಕೂತರೆ ನಮ್ಮ ಊರಿನ ದೊಡ್ಡವರಿಗೆ ಬಹಳ ಖುಷಿ. ಅವರಿಗೆ ಆ ಖುಷಿ ಕೊಡುವುದಕ್ಕೆ ನಾವು ಬರೆಯುತ್ತಿಲ್ಲ. ಬಳ್ಳಾರಿ ಸೀಮೆಯ ತೊಗಲುಗೊಂಬೆ ನೋಡಿದವರಿಗೆ ಗೊತ್ತು. ಅಲ್ಲಿ ದೂರ ಹತ್ತಿರ ಎಂಬ ಲೆಕ್ಕವೇ ಇಲ್ಲ. ದೊರೆಗೆ, ದೇವರಿಗೆ ದೊಡ್ಡ ಗೊಂಬೆ. ಆಳಿಗೆ ಸಣ್ಣ ಗೊಂಬೆ. ಇಂಗ್ಲಿಷಿನವನು ನಮ್ಮನ್ನು ಸಣ್ಣದಾಗಿ ಬರೆಯುವುದಕ್ಕೆ ದೂರ ಎಂಬ ನೆಪ ಹುಡುಕಿಕೊಂಡ. ನಮ್ಮವರಿಗೆ ನೆಪವೂ ಬೇಕಾಗಲಿಲ್ಲ. ಅದೇ ಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ ನಡುವೆ ನುಗ್ಗಿ ದೊರೆಯನ್ನೂ ಬಿಡದೆ ಆಡಿಕೊಳ್ಳುತ್ತಾನೆ ಅನ್ನುವುದು ಬೇರೆ ಮಾತು. ಅಷ್ಟು ಧೈರ್ಯ ಆ ಜಲವರ್ಣಗಳ ಯಾವ ಚುಕ್ಕಿಗೂ ಇರಲಿಲ್ಲ.

ಕುಂಚದ ಹಿಂದೆ ಕ್ಯಾಮೆರಾ ಬಂತು. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ಹಂಪಿಯ ಫೋಟೋ ತೆಗೆದ. ಮೇಣ ಹಚ್ಚಿದ ಕಾಗದದ ನೆಗೆಟಿವ್, ಒಂದೊಂದೂ ಹದಿನಾರು ಅಂಗುಲ, ಹದಿನೆಂಟು ಅಂಗುಲ. ಅಂಥವು ಅರವತ್ತಕ್ಕೂ ಹೆಚ್ಚು. ಅವು ಮತ್ತೆ ಬೆಳಕಿಗೆ ಬಂದದ್ದು 1980ರಲ್ಲಿ, ಇಂಗ್ಲೆಂಡಿನಲ್ಲಿ. ಆಮೇಲೆ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದ. ಕಟ್ಟಡ ಹೇಗಿತ್ತು, ಈಗ ಹೇಗಾಗಿದೆ ಎಂದು ತಾಳೆ ನೋಡಲು ಅವು ಬಹಳ ಉಪಯೋಗದವು, ಇಲ್ಲ ಅನ್ನುವುದಿಲ್ಲ. ನಾವು ಹೇಳುವುದು ಆ ಕಾಗದದ ಗುಣ. ಬೆಳಕು ಕುಡಿಯಲು ಅದಕ್ಕೆ ನಿಮಿಷಗಟ್ಟಲೆ ಬೇಕು. ಅಷ್ಟು ಹೊತ್ತು ಕದಲದೆ ನಿಂತದ್ದು ಮೂಡುತ್ತದೆ, ಅಡ್ಡಾಡಿದ್ದು ಮೂಡುವುದಿಲ್ಲ. ಕಲ್ಲು ಮೂಡಿತು. ನೀರು ಹೊತ್ತು ಹೋದವಳು, ದನ ಹೊಡೆದುಕೊಂಡು ಹೋದವನು, ಅಂಥವರು ಆ ಹೊತ್ತಿನಲ್ಲಿ ಎದುರಿಗೇ ಹಾದುಹೋಗಿದ್ದರೂ ಕಾಗದದ ಮೇಲೆ ಗಾಳಿಯಾದರು. ಕೆಲಸ ಮಾಡುತ್ತಿದ್ದವರನ್ನು ಕಾಣಲಾರದ ಯಂತ್ರ ಅದು! ಮುಂದೆ ಈ ನಿರ್ಜನತೆಯನ್ನೇ ನೋಡಿ ಹಾಳು ಹಂಪಿ, ಮೌನ ಹಂಪಿ ಎಂದು ಪದ್ಯ ಕಟ್ಟಿದವರು ನಮ್ಮಲ್ಲಿ ಎಷ್ಟು ಮಂದಿ! ಬಳ್ಳಾರಿಯಲ್ಲಿ ಕಲೆಕ್ಟರಾಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ಬರೆದ ಪುಸ್ತಕದ ಹೆಸರೇ 'ಮರೆತುಹೋದ ಸಾಮ್ರಾಜ್ಯ'. ಮರೆತವರು ಯಾರು? ವಿರೂಪಾಕ್ಷನ ತೇರು ನಿಂತಿತ್ತೇ? ಸುತ್ತಲಿನ ಹಳ್ಳಿಗಳವರು ಬಂಡಿ ಕಟ್ಟಿಕೊಂಡು ಜಾತ್ರೆಗೆ ಹೋಗುವುದನ್ನು ಬಿಟ್ಟಿದ್ದರೇ? ಆಳುವವನಿಗೆ ಗೊತ್ತಿಲ್ಲದ್ದು ಜಗತ್ತೇ ಮರೆತದ್ದಾಗಿಬಿಟ್ಟಿತು.

ನಮ್ಮ ಐದು ತಾಲೂಕಿಗೂ ಅಂಥ ಕಣ್ಣು ಬಂದಿತ್ತು. ಬಂದದ್ದು ಗುಡಿಗಳಿಗೆ. ಪ್ರಾಚ್ಯವಸ್ತು ಇಲಾಖೆಯ ಅಲೆಕ್ಸಾಂಡರ್ ರೀ 1896ರಲ್ಲಿ ಚಾಲುಕ್ಯ ವಾಸ್ತುವಿನ ಮೇಲೆ ಪುಸ್ತಕ ತಂದ. ಬಾಗಳಿ, ನೀಲಗುಂದ, ಕುರುವತ್ತಿ, ಮಾಗಳ, ಹಡಗಲಿ, ಹಿರೇಹಡಗಲಿ – ಎಲ್ಲ ನಮ್ಮ ಊರುಗಳೇ. ಕಂಬ, ಬಾಗಿಲವಾಡ, ಭುವನೇಶ್ವರಿ, ಯಾವುದನ್ನೂ ಬಿಡದೆ ಅಂಗುಲ ಅಂಗುಲ ಅಳೆದು ಬರೆಸಿದ್ದಾರೆ. ಕೆಲಸದ ನಿಷ್ಠೆ ಮೆಚ್ಚತಕ್ಕದ್ದೇ. ಆದರೆ ಕುರುವತ್ತಿಯ ಮದನಿಕೆಯರ ಬಳುಕನ್ನು ನೂರು ವರ್ಷಗಳಿಂದ ಹೊಗಳುತ್ತ ಬಂದ ಪಂಡಿತರು, ಅದೇ ಸೀಮೆಯಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಹುಣ್ಣಿಮ ಹುಣ್ಣಿಮೆಗೆ ಮುತ್ತು ಕಟ್ಟಿ ದೇವರ ಹೆಸರಿನಲ್ಲಿ ಊರಿಗೆ ಬಿಡುತ್ತಿದ್ದುದರ ಬಗ್ಗೆ ಒಂದು ಸಾಲಾದರೂ ಅಡಿಟಿಪ್ಪಣಿ ಬರೆಯಬಹುದಿತ್ತು. ದೇವದಾಸಿ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 1982ರವರೆಗೆ ಬೇಕಾಯಿತು. ಕಾನೂನು ಬಂದ ಮೇಲೂ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಕಡೆಯ ಕೇರಿಗಳಲ್ಲಿ ಕೆಲಸ ಮುಗಿಯಲಿಲ್ಲ. ಮುದುಕಿಯರಾದ ತಾಯಂದಿರು ಪಿಂಚಣಿಗೆ ತಾಲೂಕು ಕಚೇರಿ ಸುತ್ತುತ್ತಲೇ ಇದ್ದಾರೆ.

ಒಂದೇ ಒಂದು ಸಲ ನಾವು ಚಿತ್ರದ ನಟ್ಟನಡುವೆ, ದೊಡ್ಡದಾಗಿ ಬಂದೆವು. ಧಾತು ಈಶ್ವರ ಸಂವತ್ಸರದ ಬರ, 1876ರಿಂದ 78. ಮದ್ರಾಸ್ ಪ್ರಾಂತ್ಯದ ಸೈನ್ಯಾಧಿಕಾರಿ ವಿಲೋಬಿ ಹೂಪರ್ ಹಸಿದವರನ್ನು ಗುಂಪು ಗುಂಪಾಗಿ ಕೂರಿಸಿ ಫೋಟೋ ತೆಗೆದ. ಎಲುಬು ಎಣಿಸಬಹುದು. ಹಿಂದೆ ಗುಡ್ಡವಿಲ್ಲ, ಮರವಿಲ್ಲ, ಗೋಪುರವಿಲ್ಲ. ಆ ಗುಂಪುಗಳು ನಮ್ಮ ತಾಲೂಕಿನವು ಎಂದು ನಾವು ಹೇಳುತ್ತಿಲ್ಲ, ಹಸಿವು ಮಾತ್ರ ಅದೇ. ಪರಿಹಾರದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳು, ಒಂದಾಣೆ ಸಾಕು ಎಂದು ರಿಚರ್ಡ್ ಟೆಂಪಲ್ ಎಂಬ ದೊಡ್ಡ ಅಧಿಕಾರಿ ಕಟ್ಟು ಮಾಡಿದ್ದ. ಕಲ್ಲು ಒಡೆಯುವವನಿಗೆ ಅರ್ಧ ಕಿಲೋಕ್ಕಿಂತ ಕಡಿಮೆ ಕಾಳು! 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬಳ್ಳಾರಿ ಜಿಲ್ಲೆಯ ಜನ ಹತ್ತಿರ ಹತ್ತಿರ ಐದರಲ್ಲಿ ಒಂದು ಪಾಲು ಕಡಿಮೆಯಾದರು. ಮೊದಲು ಹೋದವರು ಯಾರು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಳು ಹಗೇವಿನಲ್ಲಿ ಇಟ್ಟುಕೊಂಡವರು ಉಳಿದರು. ಹೊಲವಿಲ್ಲದವರು, ಹಗೇವಿಲ್ಲದವರು, ಊರ ಬಾವಿಗೆ ಇಳಿಯಬಾರದವರು ಹೋದರು. ಬೆಟ್ಟದ ಬುಡದ ಚುಕ್ಕಿ ಬೆವರಬಾರದು ಎಂದವರಿಗೆ, ಅದು ಸಾಯುವಾಗ ಹತ್ತಿರ ಬಂದು ನೋಡಬಹುದು ಅನ್ನಿಸಿತು.

ಈ ಹಳೆಯ ಕಥೆಯನ್ನೆಲ್ಲ ಈಗ ತೆಗೆದದ್ದಕ್ಕೆ ಕಾರಣ ಇದೆ. ಚಿತ್ರ ಗೋಡೆಯ ಮೇಲೆ ಸುಮ್ಮನಿದ್ದಿದ್ದರೆ ನಾವೂ ಸುಮ್ಮನಿರುತ್ತಿದ್ದೆವು. ಅದು ಇಳಿದು ಬಂದು ನೆಲವನ್ನು ತಿದ್ದುತ್ತಿದೆ. ಮೊದಲು ಚಿತ್ರದಿಂದ ಜನರನ್ನು ತೆಗೆದರು. ಆಮೇಲೆ ನೆಲದ ಮೇಲೆ ಜನ ಕಂಡರೆ, ಇವರೇಕೆ ಇಲ್ಲಿದ್ದಾರೆ, ಚಿತ್ರದಲ್ಲಿ ಇಲ್ಲವಲ್ಲ ಎಂದು ಸರಕಾರಕ್ಕೆ ಆಶ್ಚರ್ಯವಾಗುತ್ತದೆ. 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ಬಜಾರಿಗೆ ಜೆಸಿಬಿ ಬಂದವು. ತೇರುಬೀದಿಯ ಎರಡೂ ಕಡೆಯ ಸಾಲುಮಂಟಪಗಳಲ್ಲಿ ಎಷ್ಟೋ ವರ್ಷಗಳಿಂದ ಒಲೆ ಹೂಡಿ, ಅಂಗಡಿ ಇಟ್ಟು ಬದುಕಿದ್ದ ನೂರಾರು ಸಂಸಾರಗಳನ್ನು ಎಬ್ಬಿಸಿದರು. ಕಡ್ಡಿರಾಂಪುರದಲ್ಲಿ ಜಾಗ ಕೊಡುತ್ತೇವೆ ಅಂದರು. ಸ್ಮಾರಕ ಕೆಡಬೇಕು ಎಂದು ನಾವು ಯಾವತ್ತೂ ಹೇಳಿಲ್ಲ. ಕಂಬಕ್ಕೆ ಸಿಮೆಂಟ್ ಹಚ್ಚಿದ್ದು, ಮೇಲೆ ಮಾಳಿಗೆ ಎಬ್ಬಿಸಿದ್ದು ತಪ್ಪೇ ಇರಬಹುದು. ಆದರೆ ಬಜಾರು ಅಂದರೇನು? ಕೊಳ್ಳುವವರು, ಮಾರುವವರು, ಕೂಗುವವರು, ಜಗಳಾಡುವವರು ಇದ್ದದ್ದಕ್ಕೇ ಅದು ಬಜಾರು. ಅವರನ್ನು ತೆಗೆದು, ಗುಡಿಸಿ, ಬರೀ ಕಂಬ ಉಳಿಸಿ, ಇದೇ ವಿಜಯನಗರದ ವೈಭವ ಎಂದು ಫೋಟೋ ತೆಗೆಸಿದರು. ಗ್ರೀನ್‌ಲಾನ ಕಾಗದ ನಿಮಿಷಗಟ್ಟಲೆ ಕಾದು ಮಾಡಿದ ಕೆಲಸವನ್ನು ಜೆಸಿಬಿ ಒಂದು ದಿನದಲ್ಲಿ ಮಾಡಿತು.

ನಮ್ಮ ಕಡೆ ಇದರ ರೂಪ ಬೇರೆ. ಭೂಗೋಳದ ಪ್ರಕಾರ ಕೂಡ್ಲಿಗಿಯೂ ಉಷ್ಣವಲಯವೇ, ಚರ್ಚ್ ಹೋದ ಈಕ್ವೆಡಾರಿನ ಹಾಗೆ. ಆದರೆ ಚಿತ್ರಕಾರನ ಉಷ್ಣವಲಯದಲ್ಲಿ ತೆಂಗು, ಬಾಳೆ, ಜಲಪಾತ ಇರಬೇಕು. ನಮ್ಮಲ್ಲಿರುವುದು ಬೋಳು ಗುಡ್ಡ, ಕೆಂಪು ಮಸಾರಿ, ಅಲ್ಲಲ್ಲಿ ಎರೆ, ಹುಣಸೆ, ಮತ್ತೆ ಎಲ್ಲೆಲ್ಲೂ ಬಳ್ಳಾರಿ ಜಾಲಿ. ಈ ಜಾಲಿ ಎಲ್ಲಿಯದು ಗೊತ್ತೇ? ಹೆಸರು ನಮ್ಮದು, ಊರು ಆ ಹುಂಬೋಲ್ಟ್ ಸುತ್ತಿದ ಅಮೆರಿಕ. 1870ರ ದಶಕದಲ್ಲಿ ಮದ್ರಾಸಿನ ಅರಣ್ಯ ಇಲಾಖೆ ಜಮೈಕಾದಿಂದ ಬೀಜ ತರಿಸಿ ಕಡಪದ ಕಡೆ ಬಿತ್ತಿತು. ಅಲ್ಲಿಂದ ಒಣನೆಲವೆಲ್ಲ ಅದರದೇ. ಆ ದ್ವೀಪದ ಸುಂದರ ದೃಶ್ಯಗಳು ಲಂಡನ್ನಿಗೆ ಹೋದವು, ಮುಳ್ಳು ನಮ್ಮ ಕಾಲಿಗೆ ಬಂತು. ಆ ಮುಳ್ಳನ್ನೇ ಕಡಿದು ಸೌದೆ ಮಾಡಿ, ಇದ್ದಿಲು ಸುಟ್ಟು ನಮ್ಮ ಹೆಂಗಸರು ಸಂತೆ ಮಾಡಿದ್ದಾರೆ. ಇಂಥ ನೆಲ ಯಾವ ಚಿತ್ರಕ್ಕೂ ಬರಲಿಲ್ಲ, ಹಾಗಾಗಿ ಅದು ಕಾಗದದಲ್ಲಿ 'ಖಾಲಿ'. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವವರಿಗೂ ಖಾಲಿ, ಸೋಲಾರ್ ಹಲಗೆ ಹಾಸುವವರಿಗೂ ಖಾಲಿ. ಗುಡ್ಡದ ಸೆರಗಿನಲ್ಲಿ ಎರಡು ಮೂರು ಎಕರೆ ಕಲ್ಲು ಆರಿಸಿ ಸಜ್ಜೆ, ಹುರುಳಿ ಬಿತ್ತಿಕೊಂಡು, ಬಗರ್ ಹುಕುಂ ಅರ್ಜಿ ಹಾಕಿ ತಂದೆಯ ಕಾಲದಿಂದ ಕಾಯುತ್ತಿರುವವನು ಕಚೇರಿಗೆ ಹೋದರೆ ಅಲ್ಲಿ ಅವನ ಹೊಲವೇ ಇಲ್ಲ. "ಇಲ್ಲಿ ಯಾರೂ ಇಲ್ಲಂತ ನಕಾಶೆ ಹೇಳ್ತೈತಲ್ಲೋ" ಅನ್ನುತ್ತಾರೆ. ನಕಾಶೆಗೆ ಬಾಯಿ ಐತಿ, ನಮಗಿಲ್ಲ.

ಹೊಟ್ಟೆಗಿಲ್ಲದೆ ಗುಳೆ ಹೋದರೆ ಅಲ್ಲಿಯೂ ಒಂದು ಚಿತ್ರ ಕಾದಿರುತ್ತದೆ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಯ ನಮ್ಮ ಜನ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತಾರೆ. ಹಣ್ಣು ಕೀಳುತ್ತಾರೆ, ಲೈನ್‌ಮನೆಗಳಲ್ಲಿ ಮಲಗುತ್ತಾರೆ, ಜಿಗಣೆ ಕಡಿಸಿಕೊಳ್ಳುತ್ತಾರೆ. ಆ ತೋಟಗಳ ಹೋಂಸ್ಟೇ ಜಾಹೀರಾತು ನೋಡಿ. ಮಂಜು, ಹಸಿರು ಬೆಟ್ಟ, ಬಂಗಲೆಯ ಜಗಲಿಯಲ್ಲಿ ಕಾಫಿ ಲೋಟ. ಲೈನ್‌ಮನೆ ಎಲ್ಲಿದೆ? ಹೇಕ್‌ವಿಲ್‌ನ ಜಮೈಕಾದಲ್ಲಿ ಗುಲಾಮರು ಚುಕ್ಕಿಯಷ್ಟಾದರೂ ಇದ್ದರು. ಇಲ್ಲಿ ಚುಕ್ಕಿಯನ್ನೂ ಅಳಿಸಿದ್ದಾರೆ.

ಇನ್ನು ಹಳ್ಳಿಯ ಮೇಷ್ಟ್ರುಗಳ ಹತ್ತಿರ ಒಂದು ಮಾತು. ನಿಮ್ಮ ಶಾಲೆಯಲ್ಲಿ ಪ್ರಕೃತಿ ದೃಶ್ಯ ಬರೆಯಿರೋ ಅಂದರೆ ಹುಡುಗರು ಏನು ಬರೆಯುತ್ತಾರೆ ನಿಮಗೇ ಗೊತ್ತು. ಎರಡು ತ್ರಿಕೋಣ ಗುಡ್ಡ, ನಡುವೆ ಹುಟ್ಟುವ ಸೂರ್ಯ, ಅಲ್ಲಿಂದ ಇಳಿದು ಬರುವ ನದಿ, ನದಿಯ ದಂಡೆಗೆ ತೆಂಗಿನ ಮರ, ಒಂದು ಗುಡಿಸಲು, ನಾಲ್ಕು ಕಾಗೆ. ಉಜ್ಜಿನಿಯ ಹುಡುಗನೂ ಅದನ್ನೇ ಬರೆಯುತ್ತಾನೆ, ಗುಡೇಕೋಟೆಯ ಹುಡುಗಿಯೂ ಅದನ್ನೇ ಬರೆಯುತ್ತಾಳೆ. ಮಳೆಗಾಲದಲ್ಲೂ ಹಳ್ಳ ಹರಿಯದ ಊರಿನ ಮಕ್ಕಳ ಕೈಯಲ್ಲಿ ಆ ನದಿ ಹೇಗೆ ಬಂತು? ಇಂಗ್ಲಿಷಿನವರ ಡ್ರಾಯಿಂಗ್ ಪಾಠದಿಂದ ಡ್ರಾಯಿಂಗ್ ಪರೀಕ್ಷೆಗೆ, ಪರೀಕ್ಷೆಯಿಂದ ಕ್ಯಾಲೆಂಡರಿಗೆ, ಕ್ಯಾಲೆಂಡರಿನಿಂದ ಸ್ಲೇಟಿಗೆ ಬಂತು. ಆ ಗುಡಿಸಲಲ್ಲಿ ಯಾರಿದ್ದಾರೆ ಎಂದು ಒಮ್ಮೆ ಕೇಳಿ. ಬಾಗಿಲು ಬರೆದಿರುತ್ತಾರೆ, ಒಳಗೆ ಯಾರೂ ಇರುವುದಿಲ್ಲ.

ಒಂದು ಶನಿವಾರ ಬೇರೆ ಪಾಠ ಮಾಡಿ. ನಿಮ್ಮ ಮನೆಯಿಂದ ಶಾಲೆಗೆ ಬರುವ ದಾರಿ ಬರೆಯಿರಿ ಅನ್ನಿ. ಯಾವ ಕೇರಿಯಿಂದ ಹೊರಟಿರಿ, ಯಾವ ಓಣಿ ಬಿಟ್ಟು ಸುತ್ತಿ ಬಂದಿರಿ, ಯಾಕೆ ಸುತ್ತಿ ಬಂದಿರಿ. ಯಾವ ನಲ್ಲಿಯಲ್ಲಿ ನೀರು ಹಿಡಿಯುತ್ತೀರಿ, ಯಾವ ಹೋಟೆಲಿನ ಒಳಗೆ ಕೂರುತ್ತೀರಿ, ಯಾವುದರ ಹೊರಗೆ ನಿಲ್ಲುತ್ತೀರಿ. ಗುಡಿ ಎಷ್ಟು ದೂರದಿಂದ ಕಾಣುತ್ತದೆ. ಅವ್ವ ಈಗ ಯಾರ ಹೊಲದಲ್ಲಿದ್ದಾಳೆ, ಅಪ್ಪ ಯಾವ ಊರಿಗೆ ಹೋಗಿದ್ದಾನೆ. ಮನುಷ್ಯರನ್ನು ಮೊದಲು ಬರೆಯಲಿ, ಗುಡ್ಡಕ್ಕೆ ಜಾಗ ಉಳಿದರೆ ಆಮೇಲೆ ಬರೆಯಲಿ. ಅಳತೆ ತಪ್ಪಿದರೆ ತಿದ್ದಬೇಡಿ. ಅವ್ವ ಗೋಪುರಕ್ಕಿಂತ ಎತ್ತರ ಬಂದರೆ ಬರಲಿ. ಐದು ತಾಲೂಕಿನ ಹತ್ತು ಹತ್ತು ಶಾಲೆಗಳಿಂದ ಇಂಥ ಚಿತ್ರ ಕೂಡಿಸಿದರೆ ಕಮಲಾಪುರದ ಮ್ಯೂಸಿಯಂಗೆ ಹೋಗಿ, ನಿಮ್ಮ ಹಂಪಿಯ ಪಕ್ಕದ ಗೋಡೆ ಈ ಮಕ್ಕಳಿಗೆ ಕೊಡಿ ಎಂದು ಕೇಳುತ್ತೇವೆ. ಕೊಡದಿದ್ದರೆ ಜಾತ್ರೆಯಲ್ಲಿ ಹಗ್ಗ ಕಟ್ಟಿ ನೇತುಹಾಕುತ್ತೇವೆ, ಕೊಟ್ಟೂರಿನಲ್ಲಿ, ಮೈಲಾರದಲ್ಲಿ, ಉಚ್ಚಂಗಿದುರ್ಗದಲ್ಲಿ. ಚಿತ್ರದ ಹಿಂದೆ ಮಗುವಿನ ಊರು, ತರಗತಿ ಮಾತ್ರ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಅಂಚೆ ಖರ್ಚು ನಿಮ್ಮದು, ಅಚ್ಚಿನ ಖರ್ಚು ಹೇಗಾದರೂ ನಾವು ಹೊಂದಿಸುತ್ತೇವೆ.